ಸೂರಿನ ಅಳಿವೆಯಲ್ಲಿ ರಬ್ಬರ್ ಮೀನು

ಸೀಬ್

೧೯೯೩ರ ಏಪ್ರಿಲ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಒಮಾನಿನ ಸೀಬ್ ಪಟ್ಟಣದಲ್ಲಿ ನನ್ನ ತಮ್ಮನ ಮನೆಯ ಗೇಟಿನ ಎದುರು. ಹಾಜರಿದ್ದವರು ತಮ್ಮ ದಾಮೋದರ, ಅವನ ಹೆಂಡತಿ ಶಶಿಕಲಾ ಮತ್ತು ನಾನು. ಗೈರುಹಾಜರಾಗಿದ್ದದ್ದು ದಾಮೋದರನ ಬಲಗೈ. ಅದು ಎಂದಿನಂತೆ ಪ್ಯಾಂಟಿನ ಜೇಬಿನಲ್ಲಿತ್ತು.

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು. ಚಾದರದ ಮೂಲೆ ಮಡಿಸುವುದಕ್ಕೂ ಒಂದು ಕ್ರಮವುಂಟು ಎಂದು ಕಲಿತವಳು, ಕಲಿಸಿದವಳು. ಒಮಾನಿಗೆ ನಾನು ಬಂದದ್ದು ಊರು ನೋಡಲಿಕ್ಕಲ್ಲ. ದಾಮೋದರ ಇಲ್ಲಿ ಕಟ್ಟಡದ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಕಾರಿನ ಅಪಘಾತದಲ್ಲಿ ಬಲಗೈ ಮುರಿಯಿತು. ಮೂಳೆ ಕೂಡಿತು, ಹೊಲಿಗೆ ಒಣಗಿತು, ನರಗಳು ಸರಿಯಾಗಿವೆ ಎಂದು ಡಾಕ್ಟರರು ಹೇಳಿದರು. ಉಪಯೋಗಿಸುವುದೊಂದೇ ಬಾಕಿ. ಅದೊಂದನ್ನು ಅವನು ಮಾಡಲಿಲ್ಲ. ಕೈ ನಡುಗುತ್ತದೆ, ಯಾರಾದರೂ ನೋಡುತ್ತಾರೆ ಎಂದು ಅದನ್ನು ಜೇಬಿಗೆ ಹಾಕಿಬಿಟ್ಟ. ಊಟಕ್ಕೆ ಎಡಗೈಯಲ್ಲಿ ಚಮಚ. ಬೇಸಿಗೆ ಮುಗಿಯುವುದರೊಳಗೆ ಪೆನ್ಸಿಲ್ ಹಿಡಿಯಲಾಗದಿದ್ದರೆ ವೀಸಾ ಮುಂದುವರಿಸುವುದು ಕಷ್ಟ ಎಂದು ಅವನ ಕಫೀಲ್, ಅಂದರೆ ವೀಸಾ ಕೊಡಿಸಿದ ಯಜಮಾನ, ಮೆತ್ತಗೆ ಹೇಳಿ ಕಳಿಸಿದ್ದ. ಮಕ್ಕಳಿಬ್ಬರೂ ಊರಲ್ಲಿ ಕಾಲೇಜು ಓದುತ್ತಿದ್ದರು. ಶಶಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು ನಿಜ, ಅವನು ಊರಿಗೆ ಹೊರಟರೆ ಅವಳೂ ಹೊರಡಬೇಕಾಗಿತ್ತು.

ನಾನು ಬಂದ ದಿನವೇ ಹಿಸುಕಲಿಕ್ಕೆ ಒಂದು ರಬ್ಬರ್ ಚೆಂಡು ಕೊಟ್ಟು ಹೊತ್ತು ಗೊತ್ತು ಮಾಡಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮೊದಲು. ಅವನು ಚೆಂಡನ್ನು ನೋಡಿದ, ನನ್ನನ್ನು ನೋಡಿದ.

"ಅಕ್ಕ, ಇದು ವಾರ್ಡ್ ಅಲ್ಲ."

"ವಾರ್ಡ್ ಆಗಿದ್ರೆ ನಿನ್ನನ್ನು ಯಾವಾಗಲೋ ಮನೆಗೆ ಕಳಿಸಿ ಆಗ್ತಿತ್ತು," ಎಂದೆ.

ಚೆಂಡು ಹೆಚ್ಚಿನ ಹೊತ್ತು ಸೋಫಾದ ಅಡಿಯಲ್ಲಿರುತ್ತಿತ್ತು. ಹೀಗಿರುವಾಗ ಮನೆಯ ಸ್ಟೋರಿನಲ್ಲಿ ನನಗೆ ಎರಡು ಗಾಳದ ಕೋಲುಗಳೂ ಒಂದು ಚೀಲವೂ ಸಿಕ್ಕಿದವು. ದೇಶಕ್ಕೆ ಮರಳಿದ ಇಂಗ್ಲಿಷ್ ಎಂಜಿನಿಯರ್ ಒಬ್ಬ ದಾಮೋದರನಿಗೆ ಬಿಟ್ಟುಹೋದದ್ದು. ಇಬ್ಬರೂ ಬರ್ಕಾದ ಕಡಲ ಬದಿಗೆ ಮೀನು ಹಿಡಿಯಲು ಹೋಗುತ್ತಿದ್ದರಂತೆ. ಚೀಲದ ತುಂಬ ಪ್ಯಾಕೆಟುಗಳಲ್ಲಿ ಮೆತ್ತನೆಯ ರಬ್ಬರಿನಂಥ ಪ್ಲಾಸ್ಟಿಕ್ ಮೀನುಗಳು: ಬೆರಳುದ್ದದವು, ಗಿಡ್ಡವು, ಚಪ್ಪಟೆ ಬಾಲದವು, ಹುಳದಂತೆ ಉದ್ದ ಬಾಲದವು. ಮುಟ್ಟಿದರೆ ಜೆಲ್ಲಿಯಂತೆ ಅಲ್ಲಾಡುತ್ತಿದ್ದವು. ನಾನು ಕೇಳದೆಯೇ ದಾಮೋದರ ಅವುಗಳ ಬಗ್ಗೆ ಹೇಳತೊಡಗಿದ. ತಿಂಗಳುಗಟ್ಟಲೆ ಅವನು ಅಷ್ಟು ಮಾತಾಡಿರಲಿಲ್ಲ ಎಂದು ಶಶಿ ಅಡುಗೆಮನೆಯ ಬಾಗಿಲಲ್ಲಿ ನನಗೆ ಕಣ್ಣುಸನ್ನೆ ಮಾಡಿದಳು. ನನ್ನ ವೀಸಾ ಮುಂದಿನ ವಾರ ಮುಗಿಯುವುದಿತ್ತು. ಪೂರ್ವ ಕರಾವಳಿಯ ಸೂರ್ ಪಟ್ಟಣದಲ್ಲಿ ಅಂಗಡಿ ಇಟ್ಟಿರುವ ನಮ್ಮ ಉಳ್ಳಾಲದ ಉಮ್ಮರ್ ಬ್ಯಾರಿಯವರು, "ಒಮ್ಮೆ ಬನ್ನಿ, ಇಲ್ಲಿಯ ಅಳಿವೆಯಲ್ಲಿ ಬೇಕಾದಷ್ಟು ಮೀನುಂಟು," ಎಂದು ಕರೆಯುತ್ತಲೇ ಇದ್ದರು. ಶಾಲೆಗೆ ಗುರುವಾರ, ಶುಕ್ರವಾರ ರಜೆ. ಹೊರಟೆವು.

ಹೊರಡುವ ಹಿಂದಿನ ಸಂಜೆ ನಾನು ಆ ಮೀನುಗಳಿಗೂ ಒಂದು ವ್ಯವಸ್ಥೆ ಮಾಡಿದೆ. ಅವುಗಳ ಮೈಗೆ ಎಣ್ಣೆ ಅಂಟಿತ್ತು, ಸೋಂಪಿನಂಥ ಏನೋ ವಾಸನೆಯೂ ಇತ್ತು. ಸಾಬೂನು ಹಾಕಿ ತೊಳೆದು, ಟವೆಲಿನ ಮೇಲೆ ಒಣಗಿಸಿ, ನನ್ನ ಮಾತ್ರೆಗಳ ಪ್ಲಾಸ್ಟಿಕ್ ಡಬ್ಬಿಯ ಖಾನೆಗಳಲ್ಲಿ ಬಣ್ಣ, ಗಾತ್ರ ನೋಡಿ ಮಲಗಿಸಿದೆ. ಡಬ್ಬಿಯನ್ನು ಕಾರಿನ ಹಿಂದಿನ ಗಾಜಿನ ಕೆಳಗೆ, ಕೈಗೆ ಸಿಗುವಲ್ಲಿ ಇಟ್ಟೆ. ದಾಮೋದರ ನೋಡಿದ್ದರೆ ತಡೆಯುತ್ತಿದ್ದ. ಅವನು ನೋಡಲಿಲ್ಲ.

ಇಬ್ರಾ

ಕಾರು ಓಡಿಸಿದವಳು ಶಶಿ. ದಾಮೋದರ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಿದ್ದ.

"ಲಾರಿ ಉಂಟು ಎದುರಿಗೆ, ನಿಧಾನ."

"ಅದು ಲಾರಿಯಲ್ಲ ಮಾರಾಯ್ರೆ, ಗುಡ್ಡ," ಎಂದಳು ಶಶಿ.

ಗುಡ್ಡವೇ ಹೌದು. ಹುಲ್ಲಿನ ಒಂದು ಎಸಳೂ ಇಲ್ಲದ, ಯಾರೋ ಕೆರೆದು ತೊಳೆದಿಟ್ಟ ಕಾವಲಿಯಂಥ ಕಪ್ಪು ಕಂದು ಗುಡ್ಡಗಳು. ನಮ್ಮಲ್ಲಿ ಬರಿ ನೆಲ ಕಾಣಬೇಕಾದರೆ ಗುಡಿಸಬೇಕು. ಇಲ್ಲಿ ಗುಡಿಸಲು ಏನೂ ಇಲ್ಲ. ಅಚ್ಚುಕಟ್ಟಾದ ದೇಶ ಎಂದು ನನಗೆ ಒಳಗೊಳಗೇ ಮೆಚ್ಚುಗೆಯಾಯಿತು.

ಇಬ್ರಾದಲ್ಲಿ ಮಲೆಯಾಳಿಯ ಚಹಾದಂಗಡಿಯ ಎದುರು ಕಾರು ನಿಲ್ಲಿಸಿ ಪರೋಟ ತಿಂದೆವು. ಬಿಸಿಲು ಆಗಲೇ ಏರಿತ್ತು. ಬಾಗಿಲು ಮುಚ್ಚಿದ ಕಾರು ಒಲೆಯಾಗಿತ್ತು. ಮರಳಿ ಬಂದು ಡಬ್ಬಿ ಎತ್ತಿದೆ. ಅದರ ತಳ ನನ್ನ ಬೆರಳಿಗೆ ಅಂಟಿತು. ಮುಚ್ಚಳ ತೆಗೆದೆ. ಖಾನೆಗಳ ಗೋಡೆಗಳು ಕರಗಿ ಬಾಗಿದ್ದವು. ಹಸಿರು ಬಿಳಿಗೆ ಸೇರಿ, ಕೆಂಪು ಹಳದಿಗೆ ಸೇರಿ, ಬಾಲಕ್ಕೆ ಬಾಲ ಅಂಟಿ, ಎಲ್ಲ ಒಂದೇ ಮುದ್ದೆಯಾಗಿತ್ತು. ಅದರಿಂದ ಎರಡು ಮೂರು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು.

ದಾಮೋದರ ಕುತ್ತಿಗೆ ಉದ್ದ ಮಾಡಿ ನೋಡಿದ. "ಪ್ಯಾಕೆಟ್ ಎಲ್ಲಿ?"

"ಬಿಸಾಡಿದೆ. ಎಣ್ಣೆ ಎಣ್ಣೆ ಆಗಿತ್ತು."

"ಆ ಎಣ್ಣೆಯಲ್ಲೇ ಅಕ್ಕ ಅವು ಬದುಕುವುದು. ಬೇರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದ್ರೆ ಒಂದನ್ನೊಂದು ತಿಂತವೆ. ಅದ್ರ ಮೇಲೆ ಈ ಬಿಸಿಲು." ಅವನು ಮತ್ತೊಮ್ಮೆ ಡಬ್ಬಿಯೊಳಗೆ ನೋಡಿದ. "ಮೇಟ್ರನ್ನರ ವಾರ್ಡಿನಲ್ಲಿ ರೋಗಿಗಳೆಲ್ಲ ಒಂದೇ ಮಂಚದಲ್ಲಿ!"

ಆಮೇಲೆ ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಶಶಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕಳು. ಕೆಲಸ ಕೆಡಿಸಿ ಇಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.

ಉಳಿದದ್ದು ದಾಮೋದರನ ಅಂಗಿಯ ಜೇಬಿನಲ್ಲಿದ್ದ ಒಂದು ಪ್ಯಾಕೆಟ್ ಮಾತ್ರ. ಹೊರಡುವಾಗ ಯಾಕೋ ಹಾಕಿಕೊಂಡಿದ್ದನಂತೆ. ಅದರಲ್ಲಿ ನಾಲ್ಕಿದ್ದವು.

ಸೂರ್

ಉಮ್ಮರ್ ಬ್ಯಾರಿಯವರ ಪಾತ್ರೆ ಅಂಗಡಿ ಸೂರಿನ ಸೂಕ್‌ನಲ್ಲಿ, ಅಂದರೆ ಪೇಟೆಯಲ್ಲಿ; ಮನೆ ಅಂಗಡಿಯ ಮೇಲೆ. ಅವರ ಹೆಂಡತಿ ಊರಿಗೆ ಹೋಗಿದ್ದುದರಿಂದ ಅಡುಗೆಮನೆ ಶಶಿಯ ವಶವಾಯಿತು. ನಾನು ಊರಿನಲ್ಲಿ ಅವರ ತಾಯಿಗೆ ಆಸ್ಪತ್ರೆಯಲ್ಲಿ ಆರೈಕೆ ಮಾಡಿದ್ದೆ. ಅಂದಿನಿಂದ ನಾನು ಅವರಿಗೆ ಸಿಸ್ಟ್ರಕ್ಕ.

ಊಟದ ನಂತರ ನಾಲ್ಕು ರಬ್ಬರ್ ಮೀನುಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟೆವು. ಉಮ್ಮರ್ ಬ್ಯಾರಿಯವರು ಒಂದನ್ನು ಬಾಲ ಹಿಡಿದು ಎತ್ತಿದರು.

"ಎಂತ ಸಿಸ್ಟ್ರಕ್ಕ, ಇದಕ್ಕೆ ಮೀನು ಬರ್ತದಾ? ಸೂರಿನ ಮೀನಿಗೆ ಅಷ್ಟೂ ಬುದ್ಧಿ ಇಲ್ವಾ?"

"ಬುದ್ಧಿ ಇದ್ದದ್ದಕ್ಕೇ ಆರಿಸ್ಬೇಕಾಗುವುದು ಬ್ಯಾರಿಗಳೇ," ಎಂದ ದಾಮೋದರ. ಎಡಗೈಯಿಂದ ಕೆಂಪನ್ನೂ ಹಳದಿಯನ್ನೂ ಬದಿಗೆ ಸರಿಸಿದ. "ನಮ್ಮ ಉಳ್ಳಾಲದ ಮಳೆಗಾಲದ ಕೆಂಪು ನೀರಿಗಾದ್ರೆ ಈ ಬಣ್ಣ ಸರಿ, ಕಣ್ಣಿಗೆ ಹೊಡೀಬೇಕು. ಇಲ್ಲಿಯ ನೀರು ಕನ್ನಡಿ. ಇಲ್ಲಿಗೆ ಸೀಗಡಿ ಬಣ್ಣದ್ದು, ಇಲ್ಲದಿದ್ರೆ ಈ ಬಿಳಿಯದ್ದು."

ಹಾಗೆಯೇ ಗಾಳದ ಆಯ್ಕೆ. ಒಂದೊಂದು ಗಾಳಕ್ಕೂ ಕುತ್ತಿಗೆಯ ಹತ್ತಿರ ಒಂದು ಸೀಸದ ಗುಂಡು. ಹಗುರ ಗುಂಡಾದರೆ ಗಾಳಿ ಹೊತ್ತುಕೊಂಡು ಹೋಗುತ್ತದೆ, ಭಾರದ್ದಾದರೆ ಕಲ್ಲಿನ ಸಂದಿಗೆ ಹೋಗಿ ಕೂತುಬಿಡುತ್ತದೆ. ನಡುವಿನದ್ದನ್ನು ಆರಿಸಿದ. ರಬ್ಬರ್ ಮೀನನ್ನು ಗಾಳಕ್ಕೆ ಪೋಣಿಸುವ ಕೆಲಸ ನನ್ನದು. ಬಾಯಿಯಿಂದ ತೂರಿಸಿ, ಬೆನ್ನಿನ ನಟ್ಟನಡುವೆ ಮೊನೆ ಹೊರಬರಬೇಕು. ಕೂದಲೆಳೆ ಓರೆಯಾದರೂ ನೀರಿನಲ್ಲಿ ಬುಗುರಿಯಂತೆ ತಿರುಗುತ್ತದೆ, ಮೀನು ಹತ್ತಿರ ಬರುವುದಿಲ್ಲ. ಸೂಜಿ ಹಿಡಿದ ಕೈ ನನ್ನದು. ಒಂದೇ ಸಲಕ್ಕೆ ನೇರವಾಗಿ ಕೂತಿತು.

"ಇದೊಂದು ಸರಿ ಮಾಡಿದೆ," ಎಂದ ತಮ್ಮ.

ಅಳಿವೆ

ಸೂರಿನಲ್ಲಿ ಕಡಲು ಊರಿನೊಳಗೆ ನುಗ್ಗಿ ಬಂದು ನಿಂತಿದೆ. ನಮ್ಮ ಅಳಿವೆಯಂತೆಯೇ, ಆದರೆ ಅದಕ್ಕೆ ಸೇರುವ ನದಿಯಿಲ್ಲ. ದಡದಲ್ಲಿ ಮರದ ಹಡಗು ಕಟ್ಟುವ ಜಾಗ. ಅರ್ಧ ಕಟ್ಟಿದ ಹಡಗೊಂದು ಪಕ್ಕೆಲುಬು ತೋರಿಸುತ್ತ ನಿಂತಿತ್ತು. ನಮ್ಮ ಹಳೆಯ ಬಂದರಿನ ಮಂಜಿ ಹಡಗಿನ ಒಡಹುಟ್ಟಿನಂತೆ ಕಂಡಿತು. ಸಂಜೆ ನೀರು ಏರುವ ಹೊತ್ತು. ಗಾಳಿ ಸಣ್ಣಗೆ ಬೀಸುತ್ತಿತ್ತು. ದಡಕ್ಕೆ ಒಟ್ಟಿದ ಕಲ್ಲುಗಳ ಮೇಲೆ ನಾವು ನಾಲ್ವರು.

ನಮ್ಮ ಅಪ್ಪ ಗಾಳಕ್ಕೆ ಸೀಗಡಿ ಕಟ್ಟಿ ನೀರಿಗೆ ಬಿಟ್ಟರೆ ಬೀಡಿ ಮುಗಿಯುವವರೆಗೆ ಅಲ್ಲಾಡುತ್ತಿರಲಿಲ್ಲ. ರಬ್ಬರ್ ಮೀನಿನದ್ದು ಹಾಗಲ್ಲ. ಅದಕ್ಕೆ ಜೀವ ಬರಿಸುವುದು ಹಿಡಿದವರ ಕೈಯ ಕೆಲಸ. ದಾಮೋದರ ಕಲ್ಲಿನ ಮೇಲೆ ಕೂತು ಹೇಳಿಕೊಟ್ಟ: ತಂಗೂಸಿ ದಾರವನ್ನು ತೋರುಬೆರಳಿನಲ್ಲಿ ತಡೆಹಿಡಿ, ರೀಲಿನ ಕಮಾನು ತೆರೆ, ಕೋಲನ್ನು ಹಿಂದೆ ಒಯ್ದು ಮುಂದಕ್ಕೆ ಬೀಸು, ಕೋಲಿನ ತುದಿ ಎದುರಿಗೆ ಬಂದಾಗ ಬೆರಳು ಬಿಡು.

ನಾನು ಎಲ್ಲವನ್ನೂ ಕ್ರಮವಾಗಿ ಮಾಡಿದೆ, ಬೆರಳು ಬಿಡುವುದೊಂದನ್ನು ಮಾತ್ರ ಬೇಗ ಮಾಡಿದೆ. ರಬ್ಬರ್ ಮೀನು ನೀರಿಗೆ ಹೋಗದೆ ಹಿಂದಕ್ಕೆ ಹಾರಿ ಉಮ್ಮರ್ ಬ್ಯಾರಿಯವರ ಟೋಪಿಗೆ ಸಿಕ್ಕಿಕೊಂಡಿತು.

"ಯಾ ಅಲ್ಲಾ! ಸಿಸ್ಟ್ರಕ್ಕ, ನಾನು ದೊಡ್ಡ ಮೀನು ನಿಜ, ಆದ್ರೆ ಬೇಯಿಸಲಿಕ್ಕೆ ಆಗ್ಲಿಕ್ಕಿಲ್ಲ."

ಟೋಪಿಯಿಂದ ಗಾಳ ಬಿಡಿಸಿ ಕ್ಷಮೆ ಕೇಳಿದೆ. ಅವರು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಶಶಿಯ ಬೆನ್ನ ಹಿಂದೆ ಹೋಗಿ ನಿಂತರು. ಎರಡನೆಯದು ನೀರಿಗೆ ಬಿತ್ತು, ಕಾಲಬುಡದಲ್ಲಿ. ಅನಂತರದವು ದೂರ ಹೋದವು. ನಾನು ಸುತ್ತತೊಡಗಿದೆ. ಎರಡು ಸುತ್ತು, ಒಂದು ಎಳೆತ, ಎರಡು ಸುತ್ತು, ಒಂದು ಎಳೆತ. ನಾಡಿ ನೋಡುವಷ್ಟು ನಿಯಮಿತವಾಗಿ. ಏನೂ ಆಗಲಿಲ್ಲ. ಒಮ್ಮೆ ಕಲ್ಲಿಗೆ ಸಿಕ್ಕಿ ಬಿಳಿಯದ್ದು ಹೋಯಿತು. ಸೀಗಡಿ ಬಣ್ಣದ್ದನ್ನು ಹಾಕಿದೆ.

"ಅಕ್ಕ, ಅದು ಮೀನು. ಗಂಟೆ ಹೊಡೆದ ಕೂಡಲೇ ಔಷಧಕ್ಕೆ ಬಾಯಿ ತೆರೆಯಲಿಕ್ಕೆ ರೋಗಿಯಲ್ಲ. ನಡುವೆ ಸ್ವಲ್ಪ ಬಿಡು. ಬೀಳ್ಲಿಕ್ಕೆ ಬಿಡು. ಪೆಟ್ಟಾದ ಮೀನು ಹೀಗೆ ಹೋಗ್ತದಾ?"

"ಹಾಗಾದ್ರೆ ನೀನೇ ಬಂದು ತೋರಿಸು."

ಅವನು ಎದ್ದು ನಿಂತ. ಎಡಗೈ ಚಾಚಿದ. ರೀಲಿನ ಹಿಡಿ ಕೋಲಿನ ಎಡಕ್ಕಿತ್ತು. ಎಡಗೈ ಸುತ್ತಬೇಕು, ಬಲಗೈ ಕೋಲು ಹಿಡಿಯಬೇಕು. ಒಂದು ಕ್ಷಣ ಅದನ್ನೇ ನೋಡಿ ಮತ್ತೆ ಕೂತುಬಿಟ್ಟ. ನನ್ನ ಬಾಯಿಗೆ ಚೆಂಡಿನ ವಿಷಯ ಬಂದಿತ್ತು. ಅಷ್ಟರಲ್ಲಿ ಹಡಗಿನ ಕಡೆಯಿಂದ ಒಬ್ಬ ಮುದುಕ ಬಂದ.

ಖಮೀಸ್ ಎಂದು ಹೆಸರು. ಪ್ರಾಯದಲ್ಲಿ ಹಡಗಿನಲ್ಲಿ ಮಂಗಳೂರಿಗೂ ಬಂದು ಹೋದವನಂತೆ. ಉಮ್ಮರ್ ಬ್ಯಾರಿಯವರ ಪರಿಚಯ. ಒಂದು ಕೈಯಲ್ಲಿ ಕಹ್ವಾದ ಫ್ಲಾಸ್ಕು, ಇನ್ನೊಂದರಲ್ಲಿ ಖರ್ಜೂರದ ತಟ್ಟೆ. ಎರಡನ್ನೂ ಕಲ್ಲಿನ ಮೇಲಿಟ್ಟು, ಶಶಿಗೂ ನನಗೂ ಎದೆಗೆ ಕೈಯಿಟ್ಟು ಸಲಾಂ ಹೇಳಿ, ಬ್ಯಾರಿಯವರ ಕೈ ಹಿಡಿದ. ಆಮೇಲೆ ದಾಮೋದರನ ಕಡೆ ಬಲಗೈ ಚಾಚಿದ.

ದಾಮೋದರ ಎಡಗೈ ಕೊಟ್ಟ.

ಖಮೀಸ್ ಅದನ್ನು ನೋಡಿದಂತೆಯೇ ತೋರಲಿಲ್ಲ. ಅವನ ಬಲಗೈ ಚಾಚಿದಲ್ಲೇ ಇತ್ತು. ಈ ದೇಶದಲ್ಲಿ ಕುಶಲ ಕೇಳುವುದು ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಏನು ಸುದ್ದಿ, ಎಲ್ಲಿಂದ ಬಂದಿರಿ, ದಾರಿ ಸುಖವಾಗಿತ್ತೇ. ಪ್ರತಿಯೊಂದಕ್ಕೂ ಅಲ್‌ಹಮ್ದುಲಿಲ್ಲಾ ಎನ್ನಬೇಕು. ಅವನು ಕೇಳುತ್ತಲೇ ಹೋದ, ಕೈ ಚಾಚಿಕೊಂಡೇ. ಇವನಿಗೆ ಕೈ ಸರಿಯಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಶಶಿ ನನ್ನ ಸೆರಗು ಎಳೆದಳು. ಬಾಯಿ ಮುಚ್ಚಿದೆ.

ದಾಮೋದರನ ಬಲಗೈ ಜೇಬಿನಿಂದ ಹೊರಗೆ ಬಂತು. ಬೆಳ್ಳಗೆ, ತೆಳ್ಳಗೆ, ಮಣಿಕಟ್ಟಿನ ಮೇಲೆ ಗಾಯದ ಗುರುತು. ಖಮೀಸ್ ಹಿಡಿದ. ಒತ್ತಲಿಲ್ಲ, ಬಿಡಲೂ ಇಲ್ಲ. ಉಳಿದ ಕುಶಲವನ್ನೆಲ್ಲ ಹಾಗೆಯೇ ಹಿಡಿದುಕೊಂಡು ಕೇಳಿ ಮುಗಿಸಿದ. ನನ್ನ ಚೆಂಡು ಯಾವತ್ತೂ ಅಷ್ಟು ಹೊತ್ತು ಆ ಕೈಯಲ್ಲಿ ಇದ್ದದ್ದಿಲ್ಲ.

ಆಮೇಲೆ ಕಹ್ವಾ. ಕಿವಿಯಿಲ್ಲದ ಪುಟ್ಟ ಬಟ್ಟಲು, ಕಾಲು ಭಾಗ ಕಾಫಿ. ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಕುಡಿದು ಬಟ್ಟಲು ಹಾಗೆಯೇ ನೀಡಿದರೆ ಮತ್ತೆ ಸುರಿಯುತ್ತಾರೆ. ಸಾಕಾದರೆ ಬಟ್ಟಲನ್ನು ಆಚೀಚೆ ಅಲ್ಲಾಡಿಸಿ ಕೊಡಬೇಕು, ಅದೇ ಸೂಚನೆ. ದಾಮೋದರ ಕುಡಿದು ಬಟ್ಟಲು ನೀಡಿದ. ಕೈ ನಡುಗಿತು, ಬಟ್ಟಲು ಆಚೀಚೆ ಆಡಿತು. ಖಮೀಸ್ ಮರ್ಯಾದೆಯಿಂದ ಬಟ್ಟಲು ಹಿಂದಕ್ಕೆ ತೆಗೆದುಕೊಂಡ.

"ಅಯ್ಯೋ, ನನಗೆ ಇನ್ನೂ ಬೇಕಿತ್ತು!" ಎಂದ ದಾಮೋದರ, ಕನ್ನಡದಲ್ಲೇ.

ಉಮ್ಮರ್ ಬ್ಯಾರಿಯವರು ನಗು ತಡೆಯಲಾರದೆ ಅದನ್ನು ಅರಬ್ಬಿಯಲ್ಲಿ ಹೇಳಿದರು. ಖಮೀಸ್ ನಗಲಿಲ್ಲ. ಬಟ್ಟಲು ತುಂಬಿ ಮತ್ತೆ ಕೊಟ್ಟ. ಈ ಸಲ ದಾಮೋದರ ಕುಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿ, ತುಟಿ ಬಿಗಿದು ಬಟ್ಟಲು ನೀಡಿದ. ಬಟ್ಟಲು ಅಲ್ಲಾಡಲಿಲ್ಲ. ಅದಕ್ಕೆ ಮತ್ತೆ ಕಹ್ವಾ ಬಿತ್ತು. ಮತ್ತೊಮ್ಮೆ ನೀಡಿದ. ಅಲ್ಲಾಡಲಿಲ್ಲ. ಮತ್ತೂ ಬಿತ್ತು. ಅವನಿಗೆ ಅಷ್ಟು ಕಾಫಿ ಬೇಕಾಗಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಕೊನೆಗೆ ತಾನಾಗಿ, ಬೇಕೆಂದೇ, ಬಟ್ಟಲನ್ನು ಅಲ್ಲಾಡಿಸಿ ಕೊಟ್ಟ.

ಬಟ್ಟಲು ಕೊಟ್ಟವನೇ ನನ್ನ ಕಡೆ ತಿರುಗಿದ. "ಕೋಲು ಕೊಡು ಅಕ್ಕ. ನೀನು ಸುತ್ತುವುದನ್ನು ನೋಡ್ಲಿಕ್ಕೆ ಆಗುವುದಿಲ್ಲ."

ಬಲಗೈಯಲ್ಲಿ ಕೋಲು ಹಿಡಿದ. ಹೆಗಲಿನಿಂದ ಬೀಸಲಿಲ್ಲ. ಮಣಿಕಟ್ಟನ್ನು ಒಮ್ಮೆ ಕೊಡವಿದ, ಒದ್ದೆ ಕೈಯ ನೀರು ಕೊಡವಿದಂತೆ. ರಬ್ಬರ್ ಮೀನು ಹಗುರ, ಅದಕ್ಕೆ ಅಷ್ಟೇ ಸಾಕು. ನೀರಿನಲ್ಲಿ ಕಪ್ಪಾಗಿ ಕಾಣುವ ಬಂಡೆಯ ಅಂಚಿಗೆ ಸದ್ದಿಲ್ಲದೆ ಬಿತ್ತು. ಮುಳುಗಲು ಬಿಟ್ಟ. ಸ್ವಲ್ಪ ಸುತ್ತಿದ, ನಿಲ್ಲಿಸಿದ. ಕೋಲಿನ ತುದಿ ಒಮ್ಮೆ ಎತ್ತಿ ಇಳಿಸಿದ, ನಿಲ್ಲಿಸಿದ. ತೋರುಬೆರಳು ದಾರದ ಮೇಲಿತ್ತು.

"ತಾಗಿತು," ಎಂದ ಪಿಸುದನಿಯಲ್ಲಿ. "ಬೆರಳಿಗೆ ಗೊತ್ತಾಯ್ತು."

ಕೋಲು ಬಾಗಿತು. ಅವನು ಗಾಬರಿಯಿಂದ ಎಡಗೈಗೆ ಬದಲಾಯಿಸಹೋದ. ಆ ಸಡಿಲದಲ್ಲೇ ಮೀನು ತಪ್ಪಿಸಿಕೊಂಡಿತು. ಎಳೆದು ನೋಡಿದರೆ ಸೀಗಡಿ ಬಣ್ಣದ್ದಕ್ಕೆ ಬಾಲವೇ ಇಲ್ಲ.

ಉಳಿದವು ಬೇಡವೆಂದು ಬದಿಗಿಟ್ಟ ಕೆಂಪು ಮತ್ತು ಹಳದಿ. ಆದರೆ ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ, ನೀರಿನ ಕನ್ನಡಿ ಮಬ್ಬಾಗಿತ್ತು. "ಈಗ ಕೆಂಪೂ ಆದೀತು. ಮಬ್ಬಿನಲ್ಲಿ ಅದು ಕಪ್ಪಾಗಿ ಕಾಣ್ತದೆ," ಎಂದ. ನಾನು ಪೋಣಿಸಿ ಕೊಟ್ಟೆ. ಆ ಹೊತ್ತಿಗೆ ನನಗೆ ಹೇಳಬೇಕೆನಿಸಿದ್ದು ಬಹಳ ಇತ್ತು. ಹಿಡಿತ ಹೀಗಿರಲಿ, ಭುಜ ಸಡಿಲ ಬಿಡು, ಉಸಿರು ಕಟ್ಟಬೇಡ. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡೆ.

ಎಸೆದ. ಮುಳುಗಲು ಬಿಟ್ಟ. ಇನ್ನೂ ಬಿಟ್ಟ. ಸುತ್ತಲೇ ಇಲ್ಲ. ಹಾಗೆ ಬೀಳುತ್ತಿರುವಾಗಲೇ ಕೋಲು ಬಗ್ಗಿತು.

"ಹಮೂರ್!" ಎಂದು ಖಮೀಸ್ ಎದ್ದ. ನಮ್ಮ ಕಡೆ ಮುರು ಎನ್ನುತ್ತೇವೆ. ಕಚ್ಚಿದ ಕೂಡಲೇ ಬಂಡೆಯ ಬಿಲಕ್ಕೆ ನುಗ್ಗುವ ಮೀನು. ನುಗ್ಗಿತೆಂದರೆ ಮತ್ತೆ ಬರುವುದಿಲ್ಲ. ತಡೆಯಬೇಕಾದದ್ದು ಕೋಲು ಹಿಡಿದ ಕೈ.

"ಬಿಡ್ಬೇಡಿ, ಬಿಡ್ಬೇಡಿ!" ಎಂದು ಕೂಗಿದವಳು ಶಶಿ. "ಯಲ್ಲಾ, ಯಲ್ಲಾ!" ಎಂದು ಬ್ಯಾರಿಯವರು ಕಲ್ಲಿನ ಮೇಲೆ ಕುಣಿದರು.

ಈ ಸಲ ಅವನು ಕೈ ಬದಲಾಯಿಸಲಿಲ್ಲ. ಬಲಗೈಯ ನರಗಳೆಲ್ಲ ಎದ್ದು ನಿಂತವು. ಕೈ ನಡುಗಿತು, ಮೀನಿನ ಎಳೆತಕ್ಕೋ ತಾನಾಗಿಯೋ ಗೊತ್ತಾಗಲಿಲ್ಲ. ಮೀನು ಬಿಲ ಸೇರಲಿಲ್ಲ. ದಡಕ್ಕೆ ಬಂತು, ಕಂದು ಚುಕ್ಕೆಯ, ದೊಡ್ಡ ಬಾಯಿಯ, ಒಂದು ಮೊಳ ಉದ್ದದ ಮೀನು. ಬಾಯಿಯ ಅಂಚಿನಲ್ಲಿ ಕೆಂಪು ರಬ್ಬರ್ ಬಾಲ ನಾಲಿಗೆಯಂತೆ ಹೊರಗಿತ್ತು.

"ಸೂರಿನ ಮೀನಿಗೆ ಬುದ್ಧಿ ಇಲ್ಲ," ಎಂದು ಬ್ಯಾರಿಯವರು ತೀರ್ಪು ಕೊಟ್ಟರು.

ಬ್ಯಾರಿಯವರ ಜಗಲಿ

ಮಗ್ರಿಬ್ ನಮಾಜು ಮುಗಿಸಿ ಬ್ಯಾರಿಯವರು ತೆಂಗಿನಕಾಯಿ ತುರಿದು ಕೊಟ್ಟರು. ಶಶಿ ಮಸಾಲೆ ಅರೆದಳು. ಒಳಗಿನಿಂದ ಹುಣಸೆ, ಮೆಣಸಿನ ಪರಿಮಳ ಬರುತ್ತಿತ್ತು. ನಾನು ಜಗಲಿಯಲ್ಲಿ ಕೋಲು, ರೀಲುಗಳನ್ನು ಸಿಹಿನೀರಿನಲ್ಲಿ ಒರೆಸಿದೆ. ಮೀನು ಸಿಕ್ಕಿದ ಮೇಲೆ ನಾನು ಇನ್ನೊಂದು ಕೋಲಿನಲ್ಲಿ ಹಳದಿಯದ್ದನ್ನು ಎಸೆದು ನೋಡಿದ್ದೆ, ಆ ರೀಲಿನಲ್ಲಿ ದಾರ ಹಕ್ಕಿಗೂಡಿನಂತೆ ಗೋಜಲಾಗಿತ್ತು. ಕತ್ತರಿ ಕೈಗೆತ್ತಿಕೊಂಡೆ.

"ಕತ್ತರಿ ಬೇಡ ಅಕ್ಕ. ಇಲ್ಲಿ ಕೊಡು."

ದಾಮೋದರ ಗೋಜಲನ್ನು ಮಡಿಲಲ್ಲಿಟ್ಟುಕೊಂಡ. ಎಡಗೈ ಒಂದು ಎಳೆ ಹಿಡಿಯಿತು, ಬಲಗೈಯ ಬೆರಳುಗಳು ಇನ್ನೊಂದು ಎಳೆ ಹುಡುಕಿದವು. ಜಾರಿತು. ಮತ್ತೆ ಹುಡುಕಿದವು. ಚೆಂಡಿನ ಹೊತ್ತಾಗಿತ್ತು. ಚೆಂಡು ನನ್ನ ಕೈಚೀಲದಲ್ಲೇ ಇತ್ತು.

"ಅಕ್ಕ, ನಿನ್ನ ಚೆಂಡಿನ ಹೊತ್ತು ಆಗ್ಲಿಲ್ವಾ?" ಎಂದ, ತಲೆಯೆತ್ತದೆ.

"ಮೊದಲು ಕೈಯಲ್ಲಿದ್ದ ಕೆಲಸ ಮುಗಿಸು," ಎಂದೆ.

ಒಳಗಿನಿಂದ ಶಶಿ ಎರಡು ಸಲ ಕರೆದಳು. ಅನ್ನ ಆರುತ್ತದೆ ಎಂದು ಬ್ಯಾರಿಯವರೂ ಒಮ್ಮೆ ಬಂದು ಹೋದರು. ನಾನು ಪಕ್ಕದಲ್ಲಿ ಕೈಕಟ್ಟಿ ಕೂತೆ. ಹಾಗೆ ಕೂರುವುದು ಕಷ್ಟದ ಕೆಲಸ, ಅಭ್ಯಾಸವಿಲ್ಲದವರಿಗೆ. ಕೊನೆಯ ಗಂಟು ಸಡಿಲಾಯಿತು. ದಾರವನ್ನು ರೀಲಿಗೆ ಸುತ್ತಿ, ಕೋಲನ್ನು ಗೋಡೆಗೆ ಒರಗಿಸಿ, "ಖಲಾಸ್," ಎಂದು ಎದ್ದ. ನಲ್ಲಿಯ ಹತ್ತಿರ ಹೋಗಿ ಎರಡೂ ಕೈ ತೊಳೆದ.

ಶಶಿ ಅಭ್ಯಾಸದಂತೆ ಅವನ ಬಟ್ಟಲ ಎಡಗಡೆ ಚಮಚ ಇಟ್ಟಿದ್ದಳು. ಅವನು ಅನ್ನದ ಮೇಲೆ ಸಾರು ಹಾಕಿಸಿಕೊಂಡು, ಬಲಗೈಯಿಂದ ಮೀನಿನ ತುಂಡು ಮುರಿದು, ಮುಳ್ಳು ಬಿಡಿಸಿ, ಕಲಸಿ ತಿಂದ. ಸ್ವಲ್ಪ ಚಾಪೆಯ ಮೇಲೆ ಚೆಲ್ಲಿತು. ಶಶಿ ಬೇರೆ ಕಡೆ ನೋಡುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. ಸಾರಿಗೆ ಖಾರ ಹೆಚ್ಚಾಯಿತೇ ಎಂದು ಬ್ಯಾರಿಯವರು ಕೇಳಿದರು, ಹೌದು ಎಂದಳು.

ಊಟವಾಯಿತು. ಬಟ್ಟಲುಗಳನ್ನು ತೊಳೆದು ಕವಚಿಟ್ಟೆ. ಚಾಪೆ ಒರೆಸಿದೆ. ಕೊನೆಗೆ ಆ ಚಮಚ ಉಳಿಯಿತು. ಉಪಯೋಗಿಸದ ಚಮಚವನ್ನು ತೊಳೆಯಬೇಕಾಗಿಲ್ಲ. ಒಳಗೆ ಒಯ್ದು, ಇತರ ಚಮಚಗಳ ಜೊತೆ, ಅದರ ಜಾಗದಲ್ಲಿ ಇಟ್ಟೆ.